ಸಾವ್ಕಾರರ ಮನೆಗೆ ಒಯ್ದ ಅಣಬೆ

ನಾನು ಮಾಂಸ ತಿನ್ನುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದೆ ಹೇಳುವ ಸಂಗತಿಯಲ್ಲಿ ನನ್ನ ಬಗ್ಗೆ ಹಬ್ಬಿದ ಉಳಿದೆಲ್ಲವನ್ನೂ ನಂಬಿದವರು ಇದೊಂದನ್ನು ಮಾತ್ರ ನಂಬಲಿಲ್ಲ.

ನಮ್ಮದು ಗಾದಿ ಹೊಲಿಯುವ ಮುಸ್ಲಿಂ ಮನೆತನ. ಹರಿಹರದಲ್ಲಿ ಹೊಳೆಯ ಕಡೆಗೆ ಇಳಿಯುವ ಓಣಿಯೊಂದರಲ್ಲಿ ನಮ್ಮ ಮನೆಯಿತ್ತು. ಮನೆಯಲ್ಲಿ ಮಾತು ಕನ್ನಡವೇ. ಉರ್ದು ಏನಿದ್ದರೂ ನೆಂಟರು ಬಂದಾಗ. ಹಬ್ಬವಿರಲಿ ಮದುವೆಯಿರಲಿ, ಮಾಂಸವಿಲ್ಲದ ಊಟವನ್ನು ಊಟವೆಂದೇ ಲೆಕ್ಕಕ್ಕೆ ಹಿಡಿಯದ ಜನ ನಾವು. ಅಂಥ ಮನೆಯಲ್ಲಿ ಹುಟ್ಟಿದ ನನಗೆ ಚಿಕ್ಕಂದಿನಿಂದ ಮಾಂಸದ ವಾಸನೆ ಬಂದರೆ ಸಾಕು, ತುತ್ತು ಇಳಿಯುತ್ತಿರಲಿಲ್ಲ. ಅದಕ್ಕೆ ಕಾರಣವೇನೂ ಇರಲಿಲ್ಲ. ನೆಂಟರು ಮಾತ್ರ ಕಾರಣ ಹುಡುಕಿದರು. ಆಡು ಕೊಯ್ಯುವುದನ್ನು ನೋಡಿ ಹೆದರಿರಬೇಕು ಅಂದರು, ಗಾಳಿ ಸೋಕಿರಬೇಕು ಅಂದರು, ತಾಯತ ಕಟ್ಟಿಸಿದರು. ತಾಯತ ಕಟ್ಟಿಸಿಕೊಂಡೇ ನಾನು ತಟ್ಟೆ ಸರಿಸಿ ಎದ್ದುಹೋಗುತ್ತಿದ್ದೆ. ಅಪ್ಪನ ಅಕ್ಕ ಬಂದಾಗಲೆಲ್ಲ, "ಇವಳನ್ನ ನಂದಿಗುಡಿ ಮಠಕ್ಕೆ ಕೊಟ್ಟುಬಿಡು, ಅಲ್ಲಿ ಹೊಂದಿಕೊಳ್ತಾಳೆ" ಎಂದು ನಗುತ್ತಿದ್ದಳು. ಒಂದು ಸಂಬಂಧ ಬಂದವರು, ಹುಡುಗಿಗೆ ಏನಾದರೂ ರೋಗವಿದೆಯಾ ಎಂದು ಕೇಳಿ ಕಳಿಸಿ, ಆಮೇಲೆ ಬರಲೇ ಇಲ್ಲ.

ಸಿಹಿಯೂ ನನಗೆ ಅಷ್ಟಕ್ಕಷ್ಟೆ. ಹುಳಿ ಇಷ್ಟ. ಪುಂಡಿಸೊಪ್ಪಿನ ಪಲ್ಯ, ಹುಣಸೆಯ ಚಿಗುರು, ಮಾವಿನಕಾಯಿಯ ಸಿಪ್ಪೆ ಸಹ. ಮತ್ತೆ ಅಣಬೆ. ಮಳೆಗಾಲದಲ್ಲಿ ಅವ್ವ ಅಣಬೆಗೆ ಈರುಳ್ಳಿ, ಬೆಳ್ಳುಳ್ಳಿ, ಹುರಿದ ಕೊಬ್ಬರಿ ಅರೆದು ಹಾಕಿ ಮಾಡಿದ ಸಾರಿಗೆ ನಾನು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದೆ. ಅಪ್ಪನಿಗೆ ಅಣಬೆ ಆಗುತ್ತಿರಲಿಲ್ಲ. ಹುತ್ತದಲ್ಲಿ ಎದ್ದದ್ದು ಬಾಯಲ್ಲಿ ಜಾರುತ್ತದೆ ಎಂದು ಮುಖ ಕಿವುಚುತ್ತಿದ್ದ. ಹಾಗಾಗಿ ಅದು ನನಗೂ ಅವ್ವನಿಗೂ ಮಾತ್ರ ಸೇರಿದ ಅಡುಗೆಯಾಗಿತ್ತು. "ಬೇರೆಯವರಿಗೆ ಕಟುಕರ ಅಂಗಡಿ. ನಿನಗಂತ ಅಲ್ಲಾ ನೆಲದಾಗ ಮಾಂಸ ಬೆಳೆಸ್ಯಾನೆ" ಎಂದು ಅವ್ವ ಹೇಳುತ್ತಿದ್ದಳು. ಅದು ನಮ್ಮಿಬ್ಬರ ನಡುವಿನ ತಮಾಷೆ. ಅದನ್ನು ಮನೆಯಿಂದ ಹೊರಗೆ ಒಯ್ದವಳು ನಾನೇ.

ಅಣಬೆ ಹುಡುಕುವುದನ್ನು ಅವ್ವ ತನ್ನ ಅವ್ವನಿಂದ ಕಲಿತಿದ್ದಳು. ಅವಳ ತವರು ನಂದಿಗುಡಿ ಕಡೆಯ ಹಳ್ಳಿ. ಮಳೆ ಶುರುವಾಗಿ, ಎರಡು ದಿನ ಗುಡುಗಿ, ಮೂರನೇ ದಿನ ಬಿಸಿಲು ಬಿತ್ತೆಂದರೆ ಅವ್ವನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಊರು ದಾಟಿ, ಗದ್ದೆಯ ಬದುಗಳನ್ನು ಹಾದು, ಆಚೆಯ ಗೋಮಾಳದಲ್ಲಿರುತ್ತಿದ್ದೆವು. ವರ್ಷಗಟ್ಟಲೆ ಅರಳೆಯ ಧೂಳು ಕುಡಿದು ಅವ್ವನಿಗೆ ಕೆಮ್ಮು ಅಂಟಿಕೊಂಡಿತ್ತು. ಸ್ವಲ್ಪ ದೂರ ನಡೆದು ನಿಲ್ಲುತ್ತಿದ್ದಳು. ನಿಂತಾಗಲೂ ಕಣ್ಣು ಮಾತ್ರ ನೆಲದ ಮೇಲೆಯೇ.

ಹುತ್ತದ ಸುತ್ತ ಮಣ್ಣು ಸಣ್ಣಗೆ ಬಿರುಕು ಬಿಟ್ಟಿದ್ದರೆ ಕೆಳಗೆ ಮೊಗ್ಗು ಇದೆ ಎಂದರ್ಥ. ಕಡ್ಡಿಯಿಂದ ಮಣ್ಣು ಸರಿಸಿ, ಬೇರಿನ ಹಾಗೆ ಆಳಕ್ಕೆ ಇಳಿದ ಬಿಳಿಯ ಕಾಂಡವನ್ನು ಮುರಿಯದೆ ಮೇಲೆತ್ತಬೇಕು. ಬೇರಿಲ್ಲದ್ದನ್ನು, ತಿಪ್ಪೆಯ ಮೇಲೆ ಎದ್ದದ್ದನ್ನು, ಕೊಡೆ ತಿರುಗಿಸಿ ನೋಡಿದರೆ ಅಡಿಯಲ್ಲಿ ಹಸಿರು ಕಂಡದ್ದನ್ನು ಮುಟ್ಟುವಂತಿಲ್ಲ. ಅವೆಲ್ಲ ನಾಯಿಕೊಡೆ. ಬೇಯಿಸುವಾಗ ಬೆಳ್ಳಿ ನಾಣ್ಯ ಹಾಕಿದರೆ ವಿಷ ತಿಳಿಯುತ್ತದೆ ಎಂದು ಓಣಿಯ ಹೆಂಗಸರು ಹೇಳಿದರೆ ಅವ್ವ, "ಬೆಳ್ಳಿಗೇನು ಗೊತ್ತಾಗ್ತೈತೆ? ಗೊತ್ತಿರೋ ಹುತ್ತದ್ದು ತರಬೇಕು, ಗೊತ್ತಿಲ್ಲದ್ದು ಬಿಡಬೇಕು" ಅನ್ನುತ್ತಿದ್ದಳು.

ಗೋಮಾಳದ ಅಂಚಿನಲ್ಲಿ ಬೇವಿನ ಮರದ ಬುಡಕ್ಕೆ ಒಂದು ದೊಡ್ಡ ಹುತ್ತವಿತ್ತು. ಪಂಚಮಿಗೆ ಹೆಂಗಸರು ಹಾಲೆರೆಯುತ್ತಿದ್ದ ಹುತ್ತ. ಬೇರೆಲ್ಲ ಕಡೆ ಹತ್ತು ಎದ್ದರೆ ಅಲ್ಲಿ ಐವತ್ತು ಏಳುತ್ತಿದ್ದವು. ಅರಿಶಿನ ಕುಂಕುಮದ ನಡುವೆ ಬೆಳ್ಳಗೆ ನಿಂತ ಅವನ್ನು ನೋಡಿ ನಾನು ಒಮ್ಮೆ ಕೈ ಹಾಕಲು ಹೋದೆ. ಅವ್ವ ಹಿಂದಿನಿಂದ ಜಡೆ ಹಿಡಿದು ಎಳೆದಳು. "ಅದು ಅವರ ದೇವರದು. ಕೊಳೀತಾವೆ, ಕೊಳೀಲಿ. ನಮ್ಮ ಬಾಯಿಗೆ ಬ್ಯಾಡ." ನಾವು ಆ ಹುತ್ತದ ಒಂದು ಅಣಬೆಯನ್ನೂ ಎಂದೂ ಕಿತ್ತವರಲ್ಲ.

ಅವ್ವನ ಕೆಮ್ಮು ಹೆಚ್ಚಾದ ಮೇಲೆ ಅಪ್ಪನ ಜೊತೆ ಕೆಲಸಕ್ಕೆ ನಾನು ಹೋಗತೊಡಗಿದೆ. ಆಗ ನನಗೆ ಹದಿನಾರೋ ಹದಿನೇಳೋ. ಎಪ್ಪತ್ತರ ದಶಕದ ನಡುವಿನ ವರ್ಷಗಳು. ಅಪ್ಪ ಹೆಗಲ ಮೇಲೆ ಅರಳೆ ಬಿಡಿಸುವ ಉದ್ದನೆಯ ಬಿಲ್ಲು ಇಟ್ಟುಕೊಂಡು ಬಸ್ಸು ಹತ್ತಿದರೆ ಕಂಡಕ್ಟರು ಬೈಯುತ್ತಲೇ ಜಾಗ ಮಾಡುತ್ತಿದ್ದ. ದಾವಣಗೆರೆಯ ಹಳೇಪೇಟೆಯ ಓಣಿಗಳಲ್ಲಿ ಮನೆಮನೆಗೆ ಹೋಗಿ, ಹಳೆಯ ಗಾದಿ ಬಿಚ್ಚಿ, ಗಂಟುಕಟ್ಟಿದ ಅರಳೆಯನ್ನು ಬಿಲ್ಲಿನ ನಾರಿಗೆ ಹಿಡಿದು ಬಿಡಿಸಿ, ಮತ್ತೆ ತುಂಬಿ ಹೊಲಿದು ಕೊಡುವುದು ನಮ್ಮ ಕೆಲಸ. ಅಪ್ಪ ಅರಳೆ ಬಿಡಿಸಿದರೆ ನಾನು ಗವಸು ಹೊಲಿದು, ದಬ್ಬಣ ಹಾಕುತ್ತಿದ್ದೆ.

ಮಳೆಗಾಲದಲ್ಲಿ ಈ ಕೆಲಸ ನಿಂತುಬಿಡುತ್ತದೆ. ಅರಳೆ ತೇವ ಹಿಡಿದರೆ ಬಿಡಿಸಲು ಬರುವುದಿಲ್ಲ, ಅಂಗಳದಲ್ಲಿ ಹರಡುವಂತಿಲ್ಲ. ಆ ಮೂರು ತಿಂಗಳು ನಮ್ಮನ್ನು ಉಳಿಸುತ್ತಿದ್ದದ್ದು ಒಂದೇ ಮನೆ. ಕಾಳುಕಡಿಯ ದೊಡ್ಡ ವ್ಯಾಪಾರ ಇದ್ದ ಶೈವ ಸಾವ್ಕಾರರ ಮನೆ ಅದು. ಅಣ್ಣತಮ್ಮಂದಿರೆಲ್ಲ ಒಟ್ಟಿಗೆ ಇದ್ದ ದೊಡ್ಡ ಸಂಸಾರ. ಮಲಗುವವರು ಎಷ್ಟೋ ಗಾದಿಗಳೂ ಅಷ್ಟು. ಅವರ ಒಳ ಅಂಗಳಕ್ಕೆ ತಗಡಿನ ಮಾಡು ಹಾಕಿಸಿದ್ದರು. ಹೊರಗೆ ಎಂಥ ಮಳೆ ಸುರಿದರೂ ಅದರ ಕೆಳಗೆ ಕೂತು ಕೆಲಸ ಮಾಡಬಹುದಿತ್ತು. ಅಪ್ಪನಿಗೆ ಆ ಮನೆಯ ಮೇಲೆ ತುಂಬ ಗೌರವ. "ಮಳೆಯಾಗೂ ಕರೆಯೋ ಮನೆ ಅದು" ಎನ್ನುತ್ತಿದ್ದ.

ಆ ಮನೆಯ ಯಜಮಾನಿ ಸಾವ್ಕಾರರ ತಾಯಿ. ಎಲ್ಲರೂ ಆಕೆಯನ್ನು ಹಿರಿಯಮ್ಮ ಎನ್ನುತ್ತಿದ್ದರು. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಸಾವ್ಕಾರರ ಹೆಂಡತಿಯನ್ನು ನಾನು ಅಕ್ಕಾರೇ ಎಂದು ಕರೆಯುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವಳಿರಬಹುದು. ಕುಡಿಯಲು ನೀರು ಕೇಳಿದರೆ ಉಳಿದ ಸೊಸೆಯರು ಮೇಲಿನಿಂದ ಬೊಗಸೆಗೆ ಸುರಿದು ಹೋಗುತ್ತಿದ್ದರು. ಆಕೆಯೂ ಸುರಿಯುತ್ತಿದ್ದಳು, ಆದರೆ ಸುರಿಯುತ್ತ ನಿಂತು ಮಾತಾಡುತ್ತಿದ್ದಳು.

ಒಂದು ದಿನ ಮಧ್ಯಾಹ್ನ ನಾವು ಬುತ್ತಿ ಬಿಚ್ಚಿದೆವು. ಅಪ್ಪನದು ರೊಟ್ಟಿ, ಚಟ್ನಿ. ನನ್ನದು ರೊಟ್ಟಿಯೊಳಗೆ ಅಣಬೆ ಪಲ್ಯ. ಅಪ್ಪ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದ. ಅಕ್ಕ ತಂಬಿಗೆ ಹಿಡಿದುಕೊಂಡು ಬಂದವಳು ಅಲ್ಲೇ ನಿಂತಳು.

"ಅಣಬೆ ಅಲ್ಲೇನು ಅದು?"

"ಹೌದ್ರಿ ಅಕ್ಕಾರೇ."

"ಎಲ್ಲಿ ಸಿಕ್ತು?"

"ನಮ್ಮ ಕಡೆ ಗೋಮಾಳದಾಗ. ನಾನು ನಮ್ಮವ್ವ ತಂದಿದ್ದು."

ಅವಳು ಒಳಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಬಗ್ಗಿ, ನನ್ನ ರೊಟ್ಟಿಯಿಂದಲೇ ಎರಡು ಬೆರಳಲ್ಲಿ ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡಳು. ನಮ್ಮ ಕೈಯ ನೀರನ್ನೂ ಮುಟ್ಟದ ಮನೆ ಅದು. ಅವಳು ನಿಂತೇ, ಕಣ್ಣು ಮುಚ್ಚಿಕೊಂಡು, ಬಹಳ ಹೊತ್ತು ಅಗಿದಳು.

"ನಮ್ಮ ತವರಾಗ ನಮ್ಮವ್ವ ಮಾಡ್ತಿದ್ಲು," ಅಂದಳು. "ಲಗ್ನ ಆಗಿ ಹನ್ನೊಂದು ವರ್ಷ ಆತು. ಇಲ್ಲಿ ಅದರ ಹೆಸರು ತೆಗೆಯಂಗಿಲ್ಲ. ಮಾಂಸಕ್ಕೆ ಸಮ ಅಂತಾರೆ."

"ನಮ್ಮವ್ವಾನೂ ಹಂಗ ಅಂತಾಳ್ರಿ, ತಮಾಷೆಗೆ. ನೆಲದಾಗ ಬೆಳೆಯೋ ಮಾಂಸ ಅಂತ. ನಾನು ಮಾಂಸ ತಿನ್ನಲ್ಲ ನೋಡ್ರಿ, ಅದಕ್ಕ."

"ನೀನು ತಿನ್ನಲ್ವಾ?" ಎಂದು ಅವಳು ಆಶ್ಚರ್ಯದಿಂದ ನೋಡಿ ನಕ್ಕಳು. ನಾನೂ ನಕ್ಕೆ. ತಿನ್ನುವವರ ಮನೆಯಲ್ಲಿ ತಿನ್ನದ ನಾನು, ತಿನ್ನದವರ ಮನೆಯಲ್ಲಿ ಆಸೆ ಹಿಡಿದುಕೊಂಡಿದ್ದ ಅವಳು. ನಾವಿಬ್ಬರೂ ಒಬ್ಬರಿಗೊಬ್ಬರು ಅರ್ಥವಾಗುತ್ತೇವೆ ಎಂದು ನಾನು ಆಗ ಅಂದುಕೊಂಡೆ.

ಮುಂದಿನ ಸಲ ಬರುವಾಗ ಹಸಿ ಅಣಬೆ ತಂದುಕೊಡು ಎಂದು ಅವಳೇ ಕೇಳಿದಳು. ತಂದೆ. ಮುತ್ತುಗದ ಎಲೆಯಲ್ಲಿ ಸುತ್ತಿ, ಅರಳೆಯ ಗಂಟಿನ ನಡುವೆ ಇಟ್ಟು ಒಯ್ದರೆ ಯಾರಿಗೂ ಕಾಣುತ್ತಿರಲಿಲ್ಲ. ಅತ್ತೆ ಪೂಜೆಗೆ ಕೂತಾಗಲೋ ಪುರಾಣ ಕೇಳಲು ಹೋದಾಗಲೋ ಅವಳು ಹಿತ್ತಲಿನಲ್ಲಿ, ಸ್ನಾನದ ನೀರು ಕಾಯಿಸುವ ಒಲೆಯ ಮೇಲೆ, ಹಳೆಯ ಮಣ್ಣಿನ ಕುಡಿಕೆಯಲ್ಲಿ ಬೇಯಿಸಿಕೊಂಡು ತಿನ್ನುತ್ತಿದ್ದಳು. ಆ ವರ್ಷ ಎರಡು ಸಲ, ಮರುವರ್ಷ ಮೂರು ಸಲ ಕೊಟ್ಟೆ. ಒಮ್ಮೆ ಅವಳು ಕಾಗದದಲ್ಲಿ ಸುತ್ತಿದ ಶೇಂಗಾ ಹೋಳಿಗೆ ಕೊಟ್ಟಳು. ನನಗೆ ಸೇರದು ಎಂದು ಹೇಳಲಿಲ್ಲ, ಅವ್ವನಿಗೆ ಒಯ್ದುಕೊಟ್ಟೆ.

ಅಪ್ಪನಿಗೆ ತಿಳಿಯದೆ ಇರಲಿಲ್ಲ. ಗಂಟು ಬಿಚ್ಚುವಾಗ ಎಲೆ ಕಂಡು ಕೇಳಿದ. ಹೇಳಿದೆ. ಎಲೆಯನ್ನು ಮತ್ತೆ ಅರಳೆಯೊಳಗೆ ಸರಿಸಿ, "ದೊಡ್ಡೋರ ಮನೆ ಹೆಣ್ಮಕ್ಕಳ ಬಾಯಿ ರುಚಿಗೆ ನಾವು ನಡುವೆ ಬೀಳಬಾರದು ಮಗಾ" ಅಂದ. "ಅಣಬೆ ತಾನೇ ಅಪ್ಪ" ಅಂದೆ. ಅವನು ಮತ್ತೆ ಹೇಳಲಿಲ್ಲ. ಒಮ್ಮೆ ಹೇಳಿದ್ದನ್ನು ಎರಡನೆಯ ಸಲ ಹೇಳುವ ಅಭ್ಯಾಸ ಅಪ್ಪನಿಗೆ ಇರಲಿಲ್ಲ.

ಮೂರನೆಯ ವರ್ಷದ ಶ್ರಾವಣ. ಪಂಚಮಿ ಮುಗಿದಿತ್ತು, ಆದರೆ ಉಳಿದ ಸೊಸೆಯರು ತವರಿಂದ ಇನ್ನೂ ಮರಳಿರಲಿಲ್ಲ. ಅಕ್ಕ ಮಾತ್ರ ಹೋಗಿರಲಿಲ್ಲ. ಅವಳ ತಾಯಿ ತೀರಿಕೊಂಡಿದ್ದಳು. ಅಣ್ಣ ಇದ್ದ, ಕರೆಯುತ್ತಿರಲಿಲ್ಲ. ಅಂದು ಸೋಮವಾರ. ಹಿಂದಿನ ವಾರ ಅವಳು ಹೇಳಿದ್ದಕ್ಕೆ ಅವ್ವನೂ ನಾನೂ ಬೆಳಗಿನ ಜಾವ ಹುಡುಕಿ, ಸಿಕ್ಕಿದ್ದರಲ್ಲಿ ಒಳ್ಳೆಯದನ್ನೆಲ್ಲ ಆರಿಸಿ ತಂದಿದ್ದೆವು.

"ಅಕ್ಕಾರೇ, ಇವತ್ತು ಶ್ರಾವಣ ಸೋಮಾರ ಅಲ್ರೀ," ಅಂದೆ.

"ಅತ್ತೆ ಪುರಾಣಕ್ಕೆ ಹೋಗ್ಯಾರೆ, ನಾಳೆ ಮನೆಯಾಗ ಇರ್ತಾರೆ. ಕೊಡು ಇಲ್ಲಿ."

ಕೊಟ್ಟೆ. ಸ್ವಲ್ಪ ಹೊತ್ತಿನಲ್ಲಿ ಬೆಳ್ಳುಳ್ಳಿ, ಕೊಬ್ಬರಿ, ಅಣಬೆ ಸೇರಿದ ವಾಸನೆ ಹಿತ್ತಲಿನಿಂದ ಅಂಗಳಕ್ಕೆ ಬಂತು. ಮಳೆಯ ದಿನ ವಾಸನೆ ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದುಕೊಂಡೇ ಹರಿದಾಡುತ್ತದೆ. ಅಪ್ಪ ಬಿಲ್ಲನ್ನು ಕೆಳಗಿಟ್ಟ. ಎದುರಿಗೆ ಅರ್ಧ ತುಂಬಿದ ಎರಡು ಗಾದಿಗಳಿದ್ದವು. ಬಿಟ್ಟು ಹೋಗುವಂತಿರಲಿಲ್ಲ. ಮತ್ತೆ ಬಿಲ್ಲು ಎತ್ತಿಕೊಂಡ.

ಮಳೆ ಜೋರಾಯಿತೆಂದು ಪುರಾಣ ಬೇಗ ಮುಗಿಸಿದ್ದರಂತೆ. ಹಿರಿಯಮ್ಮ ಕೊಡೆ ಮಡಚುತ್ತ ಅಂಗಳಕ್ಕೆ ಕಾಲಿಟ್ಟವರು ನಿಂತರು.

"ಏನು ಬೇಯ್ತೈತೆ ಮನೆಯಾಗ?"

ಆಕೆ ನೇರವಾಗಿ ಹಿತ್ತಲಿಗೆ ನಡೆದರು. ನಾನು ಕೂತಿದ್ದಲ್ಲಿಂದ ಹಿತ್ತಲ ಬಾಗಿಲು ಕಾಣುತ್ತಿತ್ತು. ಸೆರಗಿನ ತುದಿಯಿಂದ ಮುಚ್ಚಳ ಎತ್ತಿ ನೋಡಿ, ಹಾಗೇ ಮುಚ್ಚಿ, ಹೊಸ್ತಿಲ ಮೇಲೆ ಕೂತುಬಿಟ್ಟರು. ಕೂಗಾಡಲಿಲ್ಲ. ಕಸ ಗುಡಿಸುತ್ತಿದ್ದ ಹೆಂಗಸಿಗೆ, "ಅಂಗಡಿಗೆ ಹೋಗಿ ಅವನ್ನ ಕರ್ಕೊಂಡು ಬಾ" ಅಂದರು ಅಷ್ಟೆ.

ಸಾವ್ಕಾರರು ಬಂದರು, ಅವರ ತಮ್ಮಂದಿರು ಬಂದರು, ಅಂಗಡಿಯ ಹಮಾಲರು ಬಂದರು. ಬಾಗಿಲಲ್ಲಿ ಅಕ್ಕಪಕ್ಕದ ಮನೆಯವರು ನಿಂತರು. ಕುಡಿಕೆಯನ್ನು ಕೋಲಿನಿಂದ ತಳ್ಳಿಕೊಂಡು ಅಂಗಳದ ಅಂಚಿಗೆ ತಂದಿಟ್ಟಿದ್ದರು.

"ಇದೇನು?" ಸಾವ್ಕಾರರು ಹೆಂಡತಿಯನ್ನು ಕೇಳಿದರು.

ಅಕ್ಕ ಕಂಬ ಹಿಡಿದು ನಿಂತಿದ್ದಳು. "ಆ ಹುಡುಗಿ ಕೊಟ್ಲು. ಅವರ ಕಡೆ ಕಾಯಿಪಲ್ಯ ಅಂದ್ಲು. ನನಗೆ ಗೊತ್ತಾಗ್ಲಿಲ್ಲ."

ನಾನು ಎದ್ದು ನಿಂತೆ. "ಅಣಬೆ ಅದು, ಸಾವ್ಕಾರ್ರೇ. ಹುತ್ತದ ಅಣಬೆ. ಅಕ್ಕಾರೇ ಬೇಕು ಅಂದಿದ್ರು. ಹೋದ ವರ್ಷಾನೂ ತಂದುಕೊಟ್ಟೀನಿ."

"ಅಣಬೆ ಹಿಂಗ ನಾರ್ತೈತೇನು?" ಎಂದರು ಹಿರಿಯಮ್ಮ, ಹೊಸ್ತಿಲಿಂದ ಏಳದೆ. "ನನ್ನ ಮೂಗು ಇನ್ನೂ ಸತ್ತಿಲ್ಲ."

ಸಾವ್ಕಾರರು ಹೆಂಡತಿಯ ಕಡೆ ತಿರುಗಿದರು. "ನೀನು ಕೇಳಿದ್ಯಾ?"

"ನಾನ್ಯಾಕ ಕೇಳ್ಲಿ?" ಅವಳು ನೆಲ ನೋಡುತ್ತಿದ್ದಳು. ಆಮೇಲೆ, ಯಾರೂ ಕೇಳದಿದ್ದರೂ, ತಾನಾಗಿಯೇ ಸೇರಿಸಿದಳು. "ಅವರ ಮನೆಯಾಗ ಅದಕ್ಕ ಮಾಂಸ ಅಂತಾರಂತೆ. ಒಂದ್ಸಲ ಅವಳೇ ನನ್ನ ಮುಂದೆ ಅಂದಿದ್ಲು."

ಆ ಮಾತಿನ ಮೇಲೆ ಮತ್ತೆ ಯಾರೂ ಕುಡಿಕೆಯೊಳಗೆ ಏನಿದೆ ಎಂದು ನೋಡಲಿಲ್ಲ. ನೋಡಿದ್ದರೆ ಅಣಬೆಯ ಕೊಡೆ, ಕಾಂಡ ಎಲ್ಲ ಹಾಗೇ ಕಾಣುತ್ತಿದ್ದವು. ನಾನು ಅದನ್ನೇ ಹೇಳಿದೆ, ಬಗ್ಗಿ ನೋಡ್ರಿ ಅಂದೆ. ಆಮೇಲೆ, "ನಾನು ಮಾಂಸಾನೇ ತಿನ್ನಲ್ರೀ" ಅಂದೆ. ಬಾಗಿಲಲ್ಲಿ ಯಾರೋ ನಕ್ಕರು.

ಅಷ್ಟರಲ್ಲಿ ಅಪ್ಪ ನನ್ನ ಮುಂದೆ ಬಂದು ನಿಂತಿದ್ದ. ಎರಡೂ ಕೈ ಜೋಡಿಸಿದ್ದ. "ತಪ್ಪಾಗೈತೆ ಸಾವ್ಕಾರ್ರೇ. ಹುಡುಗಿಗೆ ಬುದ್ಧಿ ಇಲ್ಲ. ಹೊಟ್ಟೆಗೆ ಹಾಕ್ಕೋಬೇಕು."

"ಅಪ್ಪ, ನಾನು..."

"ಕೈ ಮುಗಿ."

ನಾನು ಮುಗಿಯಲಿಲ್ಲ. ಅಪ್ಪ ನನ್ನ ಕುತ್ತಿಗೆಯ ಮೇಲೆ ಕೈ ಇಟ್ಟು ತಲೆ ಬಗ್ಗಿಸಿದ. ಅವನ ಬೆರಳಿಗೆ ಅಂಟಿದ್ದ ಅರಳೆಯ ಎಳೆಗಳು ನನ್ನ ಕೂದಲಿಗೆ ಅಂಟಿಕೊಂಡವು. ಬಗ್ಗಿದಲ್ಲಿಂದ ನನಗೆ ಅಕ್ಕನ ಪಾದಗಳು ಕಾಣುತ್ತಿದ್ದವು. ಅವು ಅಲುಗಾಡಲಿಲ್ಲ.

ಸಾವ್ಕಾರರು ಕೈ ಮಾಡಲಿಲ್ಲ, ಬೈಯಲೂ ಇಲ್ಲ. ಸಣ್ಣ ದನಿಯಲ್ಲಿ, "ಇನ್ನ ಈ ಓಣಿಗೆ ಬರಬ್ಯಾಡ ಸಾಬಣ್ಣ. ಬಂದ್ರೆ ಏನಾದ್ರೂ ನಾನು ಹೊಣೆ ಅಲ್ಲ" ಅಂದರು. ಅರ್ಧ ತುಂಬಿದ್ದ ಗಾದಿಗಳನ್ನು ಹಮಾಲರು ಎಳೆದು ಬೀದಿಗೆ ಹಾಕಿದರು. ಅಪ್ಪ ಹೊರಗೆ ಹೋಗಿ, ಮಳೆಯಲ್ಲಿ ಕೂತು, ಅರಳೆಯನ್ನು ಗೋಣಿಗೆ ತುಂಬತೊಡಗಿದ. ಅದು ಅವರದೇ ಅರಳೆ. ಅದನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಯಾಕೆ ತುಂಬುತ್ತಿದ್ದ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ತುಂಬಿದ ಗೋಣಿಯನ್ನು ಅವರ ಜಗಲಿಯ ಮೇಲೆ, ಮಳೆ ಬೀಳದ ಕಡೆ ಇಟ್ಟು, ಬಿಲ್ಲು ಹೊತ್ತುಕೊಂಡು ನಡೆದ. ನಾನು ಹಿಂದೆ ನಡೆದೆ.

ಮನೆಗೆ ಬಂದು ಹೇಳಿದಾಗ ಅವ್ವ ಕೆಮ್ಮುವುದನ್ನೂ ಮರೆತಳು. ಅಪ್ಪನಿಗೆ ಅವಳು ಹಾಗೆ ಎದುರು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನೀನು ಯಾಕ ಕೈ ಮುಗಿದೆ? ನಿನ್ನ ಮಗಳು ಕೊಟ್ಟಿದ್ದು ಏನಂತ ನಿನಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ?"

"ಬಾಗಿಲಾಗ ಎಷ್ಟು ಜನ ನಿಂತಿದ್ರು ಅಂತ ನಿನಗೆ ಗೊತ್ತಿಲ್ಲ," ಅಂದ ಅಪ್ಪ. "ನಾನೂ ಎಣಿಸಲಿಲ್ಲ. ಮಗಳನ್ನ ಕರ್ಕೊಂಡು ಹೊರಗೆ ಬರಬೇಕಿತ್ತು, ಬಂದೀನಿ."

ಆಗ ನನಗೆ ಅದು ಹೇಡಿತನ ಅನ್ನಿಸಿತು. ಹಲವು ವರ್ಷ ಹಾಗೇ ಅನ್ನಿಸುತ್ತಿತ್ತು. ಅವನ ಮುಖಕ್ಕೆ ಹೇಳಲಿಲ್ಲ, ಆದರೆ ಅವನು ಕರೆದರೆ ಓಗೊಡುವುದನ್ನು ತಡಮಾಡುತ್ತಿದ್ದೆ. ಮಕ್ಕಳಿಗೆ ಇಂಥವು ಚೆನ್ನಾಗಿ ಬರುತ್ತವೆ.

ಮಾತು ದಾವಣಗೆರೆಯಿಂದ ಹರಿಹರಕ್ಕೆ ನಮಗಿಂತ ಬೇಗ ಓಡಿ ಬಂತು. ಹೋದಹೋದಲ್ಲಿ ಬೆಳೆಯಿತು. ಗಾದಿ ಹೊಲಿಯುವವರ ಹುಡುಗಿ ಸಾವ್ಕಾರರ ಅಡುಗೆಮನೆಗೇ ಮಾಂಸ ಹೊಕ್ಕಿಸಿದಳು ಎಂದಾಯಿತು. ಬೇಕಂತಲೇ ಶ್ರಾವಣ ಸೋಮವಾರ ಆರಿಸಿಕೊಂಡಳು ಎಂದಾಯಿತು. ಸಾವ್ಕಾರರ ಓಣಿಯ ಉಳಿದ ಮನೆಗಳು ನಮ್ಮನ್ನು ಬೇಡ ಎನ್ನಲಿಲ್ಲ. ಈಗ ಬೇಡ, ಹಬ್ಬ ಕಳೀಲಿ ಅಂದವು. ಹಬ್ಬಗಳು ಕಳೆಯಲೇ ಇಲ್ಲ. ನಮ್ಮವರಲ್ಲೂ ಹಿರಿಯರು ಅಪ್ಪನನ್ನು ಕರೆಸಿ, ಊರಲ್ಲಿ ಇಲ್ಲದ ಗಲಾಟೆ ಎಬ್ಬಿಸಬೇಡ, ಮಗಳನ್ನು ಮನೆಯಲ್ಲಿ ಇಟ್ಟುಕೋ ಎಂದು ಬುದ್ಧಿ ಹೇಳಿದರು. ಏನಾಯಿತು ಎಂದು ನನ್ನನ್ನು ಆ ಕಡೆಯವರೂ ಕೇಳಲಿಲ್ಲ, ಈ ಕಡೆಯವರೂ ಕೇಳಲಿಲ್ಲ. ಅಪ್ಪನ ಅಕ್ಕ ಮಾತ್ರ ಬಂದು, "ತಾನು ತಿನ್ನಲ್ಲ, ಊರಿಗೆಲ್ಲ ತಿನ್ನಿಸ್ತಾಳೆ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮರುದಿನ ಅದೂ ಒಂದು ಸುದ್ದಿಯಾಯಿತು.

ಆ ಮಳೆಗಾಲ ಅಪ್ಪ ಬಿಲ್ಲನ್ನು ಜಂತಿಗೆ ಕಟ್ಟಿದ. ಬೇಸಿಗೆಯಲ್ಲಿ ಇಳಿಸಿ ಹಳ್ಳಿಗಳ ಕಡೆ ಹೋದ. ಹಳ್ಳಿಯಲ್ಲಿ ಗಾದಿ ಮಾಡಿಸುವವರು ಎಷ್ಟು ಜನ? ಮದುವೆಯಾದರೆ ಒಂದು, ಇಲ್ಲದಿದ್ದರೆ ಇಲ್ಲ. ನಾಲ್ಕೈದು ವರ್ಷ ಹಾಗೇ ಎಳೆದಾಡಿ, ಎಂಬತ್ತರ ದಶಕ ಶುರುವಾದ ಮೇಲೆ ದಾವಣಗೆರೆಯ ಕರೂರು ಕಡೆ ಒಂದು ಸಣ್ಣ ಗಾದಿ ಕಾರ್ಖಾನೆಗೆ ಸೇರಿದ. ಅಲ್ಲಿ ಅರಳೆ ಬಿಡಿಸಲು ಯಂತ್ರವಿತ್ತು. ಬಿಲ್ಲಿನಲ್ಲಿ ಎರಡು ದಿನ ಹಿಡಿಯುವ ಕೆಲಸವನ್ನು ಅದು ಒಂದು ಗಂಟೆಯಲ್ಲಿ ಮಾಡುತ್ತಿತ್ತು. ಅದರ ಬಾಯಿಗೆ ಅರಳೆ ತಳ್ಳುವುದು ಅಪ್ಪನ ಕೆಲಸ. ಮುಚ್ಚಿದ ಶೆಡ್ಡು, ಹಾರುವ ಎಳೆ. ಅವ್ವನ ಕೆಮ್ಮು ಅವನಿಗೂ ಬಂತು. ಮೂರು ವರ್ಷ ಕೆಮ್ಮಿ ತೀರಿಕೊಂಡ. ಅಂಗಳದಲ್ಲಿ, ಗಾಳಿಯಲ್ಲಿ ಕೂತು ಬಿಲ್ಲು ಹಿಡಿದಿದ್ದರೆ ಇನ್ನಷ್ಟು ವರ್ಷ ಇರುತ್ತಿದ್ದನೋ ಏನೋ. ಅವ್ವನಿಗೂ ಅಂಗಳದಲ್ಲಿ ಕೂತೇ ಕೆಮ್ಮು ಬಂದದ್ದಲ್ಲವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಆ ಲೆಕ್ಕವನ್ನು ಸಾವ್ಕಾರರ ಮನೆಯ ಅಕ್ಕನ ತಲೆಗೇ ಕಟ್ಟುತ್ತೇನೆ. ಅದು ಸರಿಯಲ್ಲದಿರಬಹುದು. ಸರಿ ತಪ್ಪು ನೋಡಿ ಬರುವಂಥದ್ದಲ್ಲ ಸಿಟ್ಟು.

ಅಪ್ಪ ಹೋದ ಮೇಲೆ ಅದೇ ಕಾರ್ಖಾನೆಯಲ್ಲಿ ನನಗೆ ಗವಸು ಹೊಲಿಯುವ ಕೆಲಸ ಕೊಟ್ಟರು. ದಿನಾ ಹರಿಹರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮದುವೆ ಆಗಿರಲಿಲ್ಲ. ಬಂದ ಸಂಬಂಧಗಳು ಹಳೆಯ ಸುದ್ದಿ ಕೇಳಿಕೊಂಡು ಹಿಂದಕ್ಕೆ ಹೋಗುತ್ತಿದ್ದವು. ಮಳೆಗಾಲದಲ್ಲಿ ಅವ್ವನೊಬ್ಬಳೇ ಗೋಮಾಳಕ್ಕೆ ಹೋಗಿ ಅಣಬೆ ತರುತ್ತಿದ್ದಳು. ಮಾಡಿ ಹಾಕುತ್ತಿದ್ದಳು. ನಾನು ತಿನ್ನುತ್ತಿದ್ದೆ. ಇಂಥದ್ದೆಲ್ಲ ಆದ ಮೇಲೆ ಬಾಯಿಗೆ ಸೇರದೆ ಹೋಗುತ್ತದೆ ಎಂದು ಜನ ಹೇಳುತ್ತಾರೆ. ನನಗೆ ಸೇರುತ್ತಿತ್ತು. ನಾಲಿಗೆಗೆ ನೆನಪು ಇರುವುದಿಲ್ಲ. ಇದ್ದರೂ ಅದಕ್ಕೆ ನಾಚಿಕೆಯಿಲ್ಲ.

ಒಂದು ಆಗಸ್ಟ್ ತಿಂಗಳಲ್ಲಿ ಕಾರ್ಖಾನೆಯ ಮೇಸ್ತ್ರಿ ನನ್ನನ್ನು ಎಸ್.ಎಸ್. ಬಡಾವಣೆಯ ಒಂದು ಮನೆಗೆ ಅಳತೆ ತರಲು ಕಳಿಸಿದ. ಆಗಿನ್ನೂ ಅಲ್ಲಿ ಮನೆಗಳು ಏಳುತ್ತಿದ್ದವು. ನಡುನಡುವೆ ಖಾಲಿ ನಿವೇಶನ, ಜಾಲಿ ಗಿಡ. ಹೊಸ ಮನೆ, ಹೊಸ ಮಂಚಗಳು. ಬಾಗಿಲು ತೆಗೆದವಳು ಸಾವ್ಕಾರರ ಮನೆಯ ಅದೇ ಅಕ್ಕ. ಮೈ ತುಂಬಿಕೊಂಡಿತ್ತು, ಮುಂಗೂದಲು ನೆರೆತಿತ್ತು. ಅವಳು ನನ್ನನ್ನು ತಕ್ಷಣ ಗುರುತು ಹಿಡಿದಳು. ನಾನೂ ಹಿಡಿದೆ.

"ನೀನಾ? ಬಾ, ಒಳಗ ಬಾ. ಕೂಡು."

ಕುರ್ಚಿ ತೋರಿಸಿದಳು. ಕೂತೆ. ಅವಳು ಕುಡಿಯುವಂಥದೇ ಸ್ಟೀಲು ಲೋಟದಲ್ಲಿ ಚಹಾ ತಂದು ಕೈಗೆ ಕೊಟ್ಟಳು. ಅಣ್ಣತಮ್ಮಂದಿರು ಪಾಲಾದದ್ದು, ಅತ್ತೆ ತೀರಿಕೊಂಡದ್ದು, ಗಂಡ ಊಟದ ಹೊತ್ತಿಗೆ ಮಾತ್ರ ಮನೆಗೆ ಬರುವುದು, ಎಲ್ಲ ಹೇಳಿದಳು. "ಈಗ ನನ್ನ ಅಡುಗೆಮನೆ ನನ್ನದು. ಏನು ಬೇಕಾದ್ರೂ ಮಾಡ್ಕೊಂತೀನಿ, ಕೇಳೋರಿಲ್ಲ." ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ ಕೇಳಿದಳು. "ಈಗಲೂ ಅಣಬೆ ಸಿಗ್ತಾವೇನು ನಿಮ್ಮ ಕಡೆ?"

ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಕೇಡೂ ಇರಲಿಲ್ಲ. ಆಸೆ ಇತ್ತು, ಅಷ್ಟೆ. ಆ ಮಧ್ಯಾಹ್ನ ನನ್ನ ರೊಟ್ಟಿಯಿಂದ ಚೂರು ಎತ್ತಿಕೊಂಡಾಗ ಇದ್ದ ಹಾಗೆಯೇ.

"ಅವತ್ತು ಯಾಕ ಹಂಗ ಅಂದ್ರಿ?" ಎಂದು ಕೇಳಿಯೇಬಿಟ್ಟೆ.

ಅವಳು ಸೆರಗು ಸರಿಮಾಡಿಕೊಂಡಳು. "ಇನ್ನೇನು ಅನ್ನಬೇಕಿತ್ತು? ನಾನು ಕೇಳಿದ್ದು ಹೌದು ಅಂದಿದ್ರೆ ಅವತ್ತೇ ತವರಿಗೆ ಕಳಿಸ್ತಿದ್ರು. ಅಲ್ಲಿ ನನಗೆ ಯಾರಿದ್ರು? ನೀವು ಹೆಂಗೂ ನಿಮ್ಮ ಮನೆಗೆ ಹೋದ್ರಿ."

"ಮಾಂಸ ಅಂತ ಯಾಕ ಅಂದ್ರಿ? ಅದನ್ನ ಯಾರೂ ಕೇಳಿರ್ಲಿಲ್ಲ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು ಅನ್ನಿಸುತ್ತದೆ. "ಹಂಗ ಅಂದ್ನಾ? ನನಗೆ ನೆನಪಿಲ್ಲ" ಅಂದಳು. ಆಮೇಲೆ, "ನಿಮ್ಮಪ್ಪ ಹೆಂಗಿದಾನೆ?"

"ತೀರಿಕೊಂಡ್ರು."

"ಅಯ್ಯೋ. ಒಳ್ಳೇ ಮನುಷ್ಯ. ಅಷ್ಟು ಮೆತ್ತಗೆ ಗಾದಿ ಮಾಡೋರು ಈಗ ಯಾರೂ ಇಲ್ಲ," ಅಂದಳು. ಚಹಾ ಆರುತ್ತಿತ್ತು. ಅವಳು ಮತ್ತೆ, "ಅಣಬೆ ಸಿಕ್ರೆ ಸ್ವಲ್ಪ ತಂದುಕೊಡ್ತೀಯಾ? ಇಲ್ಲಿ ಮಾರ್ಕೆಟ್ಟಿನಾಗ ಬರಲ್ಲ" ಅಂದಳು.

"ಇಲ್ರಿ," ಅಂದೆ. "ಗೋಮಾಳ ಎಲ್ಲಾ ಉತ್ತುಬಿಟ್ಟಾರೆ. ಹುತ್ತ ಒಂದೂ ಉಳಿದಿಲ್ಲ. ಈಗ ಸಿಗಲ್ಲ."

ಹಿಂದಿನ ದಿನವಷ್ಟೇ ಅವ್ವ ಒಂದು ಸೆರಗು ತುಂಬ ತಂದಿದ್ದಳು. ಹೆಚ್ಚಾದದ್ದನ್ನು ಓಣಿಯ ಎರಡು ಮನೆಗೆ ಹಂಚಿದ್ದೆವು.

ಅವಳ ಮುಖ ಬಾಡಿತು. ಅದನ್ನು ನೋಡಲೆಂದೇ ನಾನು ಇನ್ನೂ ಸ್ವಲ್ಪ ಹೊತ್ತು ಕೂತೆ. ಆಮೇಲೆ ಮಂಚಗಳ ಅಳತೆ ತೆಗೆದುಕೊಂಡೆ. ಅಳತೆಯನ್ನು ಸರಿಯಾಗಿಯೇ ಬರೆದುಕೊಂಡೆ. ಗಾದಿಯನ್ನು ಸರಿಯಾಗಿಯೇ ಹೊಲಿದೆ. ಕೆಲಸ ಕೆಡಿಸುವುದನ್ನು ಅಪ್ಪ ಕಲಿಸಿರಲಿಲ್ಲ. ಅದನ್ನು ಮುಟ್ಟಿಸಲು ಬೇರೆಯವರು ಹೋದರು. ದೀಪಾವಳಿಗೆ ಮುಂಚೆ ಅದೇ ಮನೆಯಿಂದ ದಿಂಬುಗಳಿಗೆ ಮತ್ತೆ ಹೇಳಿಕಳಿಸಿದಾಗ ಮೇಸ್ತ್ರಿ ನನ್ನನ್ನೇ ಕರೆದ. ಆ ಹೆಂಗಸು ನನ್ನ ಕೆಲಸವನ್ನು ಹೊಗಳಿದಳಂತೆ, ನನ್ನನ್ನೇ ಕಳಿಸಬೇಕು ಅಂದಳಂತೆ.

"ಬೇರೆ ಯಾರನ್ನಾದ್ರೂ ಕಳಿಸ್ರಿ," ಅಂದೆ.

"ಯಾಕ?"

"ಹೋದ ಸಲ ನನ್ನ ಮೇಲೆ ಕಣ್ಣಿಟ್ಟು ಕೂತಿದ್ರು. ಏನಾದ್ರೂ ಎತ್ಕೊಂಡು ಹೋಗ್ತೀನಿ ಅನ್ನೋ ಹಂಗ."

ಮೇಸ್ತ್ರಿ ನಂಬಿದ. ಅಂಥ ಮನೆಗಳಲ್ಲಿ ಅದು ಹೊಸದೇನಲ್ಲ, ನಂಬದೇ ಇರಲು ಅವನಿಗೆ ಕಾರಣವೂ ಇರಲಿಲ್ಲ. ನನ್ನ ಪಕ್ಕದಲ್ಲಿ ಕೂತು ಹೊಲಿಯುತ್ತಿದ್ದ ಹೆಂಗಸರೂ ಕೇಳಿಸಿಕೊಂಡರು. ಆ ಮನೆಯವಳು ಹಾಗೆ ಎಂದು ಕಾರ್ಖಾನೆಯಲ್ಲಿ ಮಾತಾಯಿತು. ಆಮೇಲೆ ಅಲ್ಲಿಗೆ ಹೋಗಲು ಯಾರೂ ಒಪ್ಪುತ್ತಿರಲಿಲ್ಲ. ನಾನು ಅದನ್ನು ತಿದ್ದಲಿಲ್ಲ.